ಇಪ್ಪತ್ತೇಳನೇ ಓದುಗ

ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆದಮೇಲೆ ಒಂದು ಟ್ಯಾಬ್ ಕೊಡಿಸಿದೆ. ಅಚ್ಚಿನ ಪುಸ್ತಕದ ಸಣ್ಣ ಅಕ್ಷರ ಓದಿದರೆ ತಲೆನೋವು ಬರುತ್ತೆ ಅನ್ನುತ್ತಿದ್ದಳು. ಟ್ಯಾಬಿನಲ್ಲಾದರೆ ಅಕ್ಷರವನ್ನು ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡಿಕೊಳ್ಳಬಹುದು. ಕನ್ನಡ ಇ-ಪುಸ್ತಕಗಳ ಒಂದು ಆ್ಯಪ್ ಹಾಕಿ, ನಾಲ್ಕು ಕಾದಂಬರಿ ಕೊಂಡು, ಪುಟ ತಿರುಗಿಸೋದು ಹೇಗೆ ಅಂತ ತೋರಿಸಿಕೊಟ್ಟು ಬೆಂಗಳೂರಿಗೆ ವಾಪಸ್ ಬಂದೆ. ಇಪ್ಪತ್ತು ದಿನ ಕಳೆದಿರಬೇಕು, ಅರಸೀಕೆರೆಯಿಂದ ಫೋನು.

"ಮೊದಲನೇದು ಮುಗೀತು ಕಣೋ. ತುಂಬಾ ಚೆನ್ನಾಗಿದೆ. ಇದನ್ನ ಸರೋಜಂಗೆ ಹೇಗೆ ಕೊಡೋದು?"

ಸರೋಜ ಆಂಟಿ ಅಂದ್ರೆ ಹಿಂದಿನ ಬೀದಿಯವರು. ಅಮ್ಮ ಓದಿದ್ದನ್ನ ಅವರು ಓದಬೇಕು, ಅವರು ಓದಿದ್ದನ್ನ ಅಮ್ಮ ಓದಬೇಕು. ಮೂವತ್ತು ವರ್ಷದಿಂದ ನಡೆದುಬಂದ ಪದ್ಧತಿ.

"ಅದನ್ನ ಹಾಗೆಲ್ಲ ಕೊಡೋಕ್ಕಾಗಲ್ಲಮ್ಮ."

"ಯಾಕೆ, ನೀನು ದುಡ್ಡು ಕೊಟ್ಟಿಲ್ವಾ?"

"ಕೊಟ್ಟಿದೀನಿ."

"ಹಾಗಾದ್ರೆ ಅದು ನಮ್ಮದಲ್ವೇನೋ?"

ನಾನು ಏನೇನೋ ಹೇಳಿದೆ. ಫೈಲು, ಅಕೌಂಟು, ಲಾಕು ಅಂತೆಲ್ಲ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ನೀನು ಪುಸ್ತಕ ಕೊಂಡಿಲ್ಲ ಬಿಡು, ಓದೋಕೆ ಟಿಕೆಟ್ ತಗೊಂಡಿದೀಯ" ಅಂದಳು. ಮೂವತ್ತೆರಡು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವಳು. ಯಾವುದು ವಸ್ತು, ಯಾವುದು ಬರೀ ರಸೀದಿ ಅನ್ನೋದು ಅವಳಿಗೆ ಬೇಗ ಅರ್ಥವಾಗುತ್ತೆ.

ಅವತ್ತು ನಾನು ಅವಳಿಗೆ ಹೇಳದೇ ಉಳಿದ ಮಾತು ಒಂದಿದೆ. ಆ ಲಾಕು ಮಾಡೋದೇ ನನ್ನ ಕೆಲಸ.

ಅವಳ ಆ್ಯಪಿನದ್ದಲ್ಲ, ನಿಜ. ನಾನಿರೋ ಕಂಪನಿ ಹೊರದೇಶಗಳ ಸಾರ್ವಜನಿಕ ಗ್ರಂಥಾಲಯಗಳಿಗೆ ಇ-ಪುಸ್ತಕ ಎರವಲು ಕೊಡುವ ಸಾಫ್ಟ್‌ವೇರ್ ಮಾಡುತ್ತೆ. ಸೇರಿದ ಮೊದಲ ವರ್ಷ ನನ್ನ ಪಾಲಿಗೆ ಬಂದ ಟಿಕೆಟ್ಟುಗಳಲ್ಲಿ ಒಂದು ಲೋನ್ ಕೌಂಟರ್. ಒಂದು ಇ-ಪುಸ್ತಕ ಎರವಲು ಹೋದಾಗಲೆಲ್ಲ ಲೆಕ್ಕಕ್ಕೆ ಒಂದು ಸೇರಿಸು, ಮಿತಿ ಮುಟ್ಟಿದ ತಕ್ಷಣ ಆ ಪ್ರತಿಯನ್ನು ಕ್ಯಾಟಲಾಗಿನಿಂದ ತೆಗೆದುಹಾಕು. ಮೂರು ಸ್ಟೋರಿ ಪಾಯಿಂಟಿನ ಕೆಲಸ. ಎರಡು ಟೆಸ್ಟ್ ಕೇಸ್ ಬರೆದೆ: ಇಪ್ಪತ್ತಾರನೇ ಓದುಗನಿಗೆ ಪುಸ್ತಕ ಸಿಗಬೇಕು, ಇಪ್ಪತ್ತೇಳನೆಯವನಿಗೆ ಸಿಗಬಾರದು. ಎರಡೂ ಪಾಸಾದವು. ಸ್ಪ್ರಿಂಟ್ ಡೆಮೊದಲ್ಲಿ ಚಪ್ಪಾಳೆನೂ ಬಿತ್ತು.

ಇಪ್ಪತ್ತಾರೇ ಯಾಕೆ ಅಂತ ನಾನು ಅವತ್ತು ಯಾರನ್ನೂ ಕೇಳಲಿಲ್ಲ. ಅಮ್ಮನ ಫೋನು ಬಂದ ರಾತ್ರಿ ಕೂತು ಹುಡುಕಿದೆ.

2011ರಲ್ಲಿ ಹಾರ್ಪರ್‌ಕಾಲಿನ್ಸ್ ಅನ್ನೋ ದೊಡ್ಡ ಪ್ರಕಾಶನ ಸಂಸ್ಥೆ ಗ್ರಂಥಾಲಯಗಳಿಗೆ ಒಂದು ಷರತ್ತು ಹಾಕಿತು. ನೀವು ಕೊಂಡ ಇ-ಪುಸ್ತಕವನ್ನು ಇಪ್ಪತ್ತಾರು ಸಲ ಎರವಲು ಕೊಡಬಹುದು. ಆಮೇಲೂ ಬೇಕಿದ್ದರೆ ಇನ್ನೊಮ್ಮೆ ದುಡ್ಡು ಕೊಡಿ. ಲೆಕ್ಕ ಹೀಗೆ: ಒಂದು ಎರವಲಿಗೆ ಎರಡು ವಾರ, ಇಪ್ಪತ್ತಾರು ಎರವಲಿಗೆ ಒಂದು ವರ್ಷ. ಅಚ್ಚಿನ ಪುಸ್ತಕವೂ ಹತ್ತಾರು ಕೈ ದಾಟಿದರೆ ಹರಿಯುತ್ತೆ, ಸವೆಯುತ್ತೆ, ಹೊಸ ಪ್ರತಿ ಕೊಳ್ಳಬೇಕಾಗುತ್ತೆ ಅಲ್ವಾ ಅನ್ನೋದು ಅವರ ವಾದ. ಅಮೆರಿಕದ ಗ್ರಂಥಪಾಲಕರು ರೇಗಿದರು. ಒಕ್ಲಹೋಮಾದ ಕೆಲವರು ತಮ್ಮ ಕಪಾಟಿನಲ್ಲಿ ಇಪ್ಪತ್ತಾರಕ್ಕಿಂತ ಎಷ್ಟೋ ಹೆಚ್ಚು ಸಲ ಹೊರಗೆ ಹೋಗಿ ಬಂದಿದ್ದ ಅಚ್ಚಿನ ಪುಸ್ತಕಗಳನ್ನು ಹಿಡಿದು ವಿಡಿಯೊ ಮಾಡಿದರು. ನೋಡಿ, ಇದಕ್ಕೇನಾಗಿದೆ, ಗಟ್ಟಿಮುಟ್ಟಾಗಿದೆ ಅಂತ.

ಆ ಜಗಳ ನಿಂತಿಲ್ಲ, ರೂಪ ಬದಲಾಯಿಸಿಕೊಂಡಿದೆ ಅಷ್ಟೆ. ಈಗ ದೊಡ್ಡ ಪ್ರಕಾಶಕರಲ್ಲಿ ಹಲವರು ಎಣಿಕೆ ಬಿಟ್ಟು ಕಾಲದ ಮಿತಿಗೆ ಬಂದಿದ್ದಾರೆ. ಎರಡು ವರ್ಷ ಆಯ್ತಾ, ಎಷ್ಟೇ ಜನ ಓದಿರಲಿ, ಒಬ್ಬರೂ ಓದದಿರಲಿ, ಲೈಸೆನ್ಸ್ ಮುಗಿಯಿತು. ನಾನೂ ನೀವೂ ಕೊಡುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆ ಕೊಟ್ಟು ಗ್ರಂಥಾಲಯ ಅದನ್ನು ತಂದಿರುತ್ತೆ. 2019ರ ನವೆಂಬರಿನಲ್ಲಿ ಮ್ಯಾಕ್‌ಮಿಲನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊಸ ಪುಸ್ತಕ ಬಂದ ಮೊದಲ ಎಂಟು ವಾರ ಒಂದು ಗ್ರಂಥಾಲಯ ವ್ಯವಸ್ಥೆಗೆ ಒಂದೇ ಇ-ಪ್ರತಿ ಅಂದಿತು. ಇಡೀ ಊರಿಗೆ ಒಂದು! ನಾಲ್ಕು ತಿಂಗಳಿಗೆ, ಕೊರೊನಾ ಶುರುವಾದ ಹೊತ್ತಿಗೆ, ಅದನ್ನು ಕೈಬಿಟ್ಟಿತು.

ಇದನ್ನೆಲ್ಲ ಓದುವಾಗ ನನಗೆ ಕಾಡಿದ್ದು ಬೆಲೆಯ ಪ್ರಶ್ನೆಯಲ್ಲ. ಬೆಲೆ ಇವತ್ತು ಏರುತ್ತೆ, ನಾಳೆ ಇಳಿಯುತ್ತೆ. ಕಾಡಿದ್ದು ಅಮ್ಮನ ಪ್ರಶ್ನೆ. ದುಡ್ಡು ಕೊಟ್ಟಮೇಲೆ ಅದು ನಮ್ಮದಲ್ವಾ?

ಅಚ್ಚಿನ ಪುಸ್ತಕದ ಮಟ್ಟಿಗೆ ಈ ಪ್ರಶ್ನೆ ಎಂದೋ ಇತ್ಯರ್ಥವಾಗಿದೆ. ಅಮೆರಿಕದಲ್ಲಿ 'ದಿ ಕ್ಯಾಸ್ಟವೇ' ಅನ್ನೋ ಕಾದಂಬರಿಯ ಒಳಪುಟದಲ್ಲಿ ಪ್ರಕಾಶಕರು ಒಂದು ಎಚ್ಚರಿಕೆ ಅಚ್ಚು ಹಾಕಿಸಿದ್ದರು. ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಯಾರೂ ಮಾರಕೂಡದು ಅಂತ. ಮೇಸಿಸ್ ಅಂಗಡಿಯವರು ಎಂಬತ್ತೊಂಬತ್ತು ಸೆಂಟಿಗೆ ಮಾರಿದರು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1908ರಲ್ಲಿ ಬಂದ ತೀರ್ಪಿನ ಸಾರಾಂಶ: ಒಮ್ಮೆ ಮಾರಿದಿರಿ, ಅಲ್ಲಿಗೆ ಆ ಪ್ರತಿಯ ಮೇಲೆ ನಿಮ್ಮ ಹಿಡಿತ ಮುಗಿಯಿತು. ಕೊಂಡವನು ಮಾರಲಿ, ಕೊಡಲಿ, ಅಟ್ಟದ ಮೇಲೆ ಎಸೆಯಲಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೂ ಇದೇ ಧೋರಣೆ ಇದೆ. ಸಾಹಿತ್ಯ ಕೃತಿಯ ಪ್ರತಿಗಳನ್ನು ಜನರಿಗೆ ಬಿಡುಗಡೆ ಮಾಡುವ ಹಕ್ಕು ಹಕ್ಕುದಾರನದ್ದು, ಆದರೆ ಈಗಾಗಲೇ ಚಲಾವಣೆಯಲ್ಲಿರುವ ಪ್ರತಿಗಳಿಗೆ ಅದು ಅನ್ವಯಿಸಲ್ಲ. ಜಗತ್ತಿನ ಗ್ರಂಥಾಲಯಗಳು ನಿಂತಿರೋದು ಈ ಒಂದು ಸಣ್ಣ ತತ್ವದ ಮೇಲೆ. ಎರವಲು ಕೊಡೋಕೆ ಗ್ರಂಥಪಾಲಕರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.

ಇ-ಪುಸ್ತಕ ಬಂದಾಗ ಈ ತತ್ವ ಸದ್ದಿಲ್ಲದೆ ಜಾರಿಹೋಯಿತು. ಯಾಕಂದ್ರೆ ನಾವು ಪ್ರತಿಯನ್ನು ಕೊಳ್ಳುತ್ತಿಲ್ಲ, ಓದುವ ಪರವಾನಗಿ ಪಡೆಯುತ್ತಿದ್ದೇವೆ. 'ಐ ಅಗ್ರೀ' ಒತ್ತುವಾಗ ಒಪ್ಪಿಕೊಂಡದ್ದು ಅದನ್ನೇ. 2009ರ ಜುಲೈನಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಿದ್ದರು ಅನ್ನೋ ಕಾರಣಕ್ಕೆ, ಜನರ ಕಿಂಡಲ್ಲುಗಳ ಒಳಗಿನಿಂದಲೇ ಒಂದು ಕಾದಂಬರಿಯನ್ನು ಅಳಿಸಿಹಾಕಿತು. ದುಡ್ಡು ವಾಪಸ್ ಕೊಟ್ಟಿತು, ಆಮೇಲೆ ಜೆಫ್ ಬೆಜೋಸ್ ಕ್ಷಮೆನೂ ಕೇಳಿದರು. ಆ ಕಾದಂಬರಿ ಯಾವುದು ಅಂದ್ರೆ ಜಾರ್ಜ್ ಆರ್ವೆಲ್‌ನ '1984'. ಪುಸ್ತಕದಂಗಡಿಯವನು ರಾತ್ರಿ ನಮ್ಮ ಮನೆಗೆ ಬಂದು, ಕಪಾಟಿನಿಂದ ಪುಸ್ತಕ ಎತ್ತಿಕೊಂಡು, ಮೇಜಿನ ಮೇಲೆ ದುಡ್ಡಿಟ್ಟು ಹೋದರೆ ನಾವು ಅದನ್ನು ಏನಂತ ಕರೀತೀವಿ?

ನೀವು ನಾನು ಹೇಗೋ ಸಹಿಸಿಕೊಳ್ಳಬಹುದು. ಬಾಡಿಗೆ ಮನೆಯಲ್ಲಿದ್ದು, ಬಾಡಿಗೆ ಕಾರಲ್ಲಿ ಓಡಾಡಿ, ತಿಂಗಳ ಚಂದಾ ಕಟ್ಟಿ ಹಾಡು ಕೇಳುವವರು ನಾವು. ಆದರೆ ಗ್ರಂಥಾಲಯವೇ ಬಾಡಿಗೆದಾರ ಆದ್ರೆ? ನಮ್ಮ ಆಸ್ತಿ ತೆರಿಗೆ ರಸೀದಿಯನ್ನು ಗಮನವಿಟ್ಟು ನೋಡಿ, ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ ಬಂದದ್ದು. ಒಂದು ರೂಪಾಯಿ ತೆರಿಗೆಗೆ ಆರು ಪೈಸೆ. ಹೀಗೆ ಊರೆಲ್ಲ ಸೇರಿ ಕೊಂಡ ಪುಸ್ತಕ ಊರ ಆಸ್ತಿ. ಅದೇ ದುಡ್ಡಲ್ಲಿ ಲೈಸೆನ್ಸ್ ತಂದರೆ ಎರಡು ವರ್ಷದ ನಂತರ ಊರಿಗೆ ಉಳಿಯೋದು ರಸೀದಿ ಮಾತ್ರ.

ಇದಕ್ಕೊಂದು ಬೇರೆ ದಾರಿ ಹುಡುಕಿದವರು ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್‌ನೆಟ್ ಆರ್ಕೈವ್‌ನವರು. 1996ರಲ್ಲಿ ಬ್ರೂಸ್ಟರ್ ಕೇಲ್ ಶುರುಮಾಡಿದ ಸಂಸ್ಥೆ. ಹಳೆಯ ಕನ್ನಡ ಪುಸ್ತಕದ ಸ್ಕ್ಯಾನ್ ಹುಡುಕಿಕೊಂಡು ನಮ್ಮಲ್ಲಿ ಎಷ್ಟೋ ಜನ ಅಲ್ಲಿಗೆ ಹೋಗಿರುತ್ತೀವಿ. ಅವರ ವಿಧಾನ ಸರಳ. ಅಚ್ಚಿನ ಪುಸ್ತಕ ಒಂದನ್ನು ಪಡೆದುಕೋ, ಸ್ಕ್ಯಾನ್ ಮಾಡು, ಅಚ್ಚಿನ ಪ್ರತಿಯನ್ನು ಒಳಗಿಡು, ಸ್ಕ್ಯಾನನ್ನು ಒಂದು ಸಲಕ್ಕೆ ಒಬ್ಬನಿಗೆ ಮಾತ್ರ ಎರವಲು ಕೊಡು. ಪ್ರತಿ ಒಂದು, ಓದುಗ ಒಬ್ಬ. ಉಳಿದವರು ಸರದಿಯಲ್ಲಿ ಕಾಯಲಿ. ಅಮ್ಮ ಕೇಳಿದ್ದೂ ಇಷ್ಟನ್ನೇ ಅಲ್ವಾ?

2020ರ ಮಾರ್ಚ್ 24ಕ್ಕೆ, ಜಗತ್ತಿನ ಗ್ರಂಥಾಲಯಗಳೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಅವರು ಆ ಸರದಿಯನ್ನೂ ತೆಗೆದುಬಿಟ್ಟರು. ಸುಮಾರು ಹದಿನಾಲ್ಕು ಲಕ್ಷ ಪುಸ್ತಕ, ಎಷ್ಟು ಜನ ಬೇಕಾದರೂ ಒಟ್ಟಿಗೆ ಓದಿ ಅಂದರು. ಜೂನ್ 1ಕ್ಕೆ ನಾಲ್ಕು ದೊಡ್ಡ ಪ್ರಕಾಶಕರು ಕೋರ್ಟಿಗೆ ಹೋದರು: ಹ್ಯಾಶೆಟ್, ಹಾರ್ಪರ್‌ಕಾಲಿನ್ಸ್, ಪೆಂಗ್ವಿನ್ ರ‍್ಯಾಂಡಮ್ ಹೌಸ್, ವೈಲಿ. ಸುಮಾರು ಎರಡು ವಾರದಲ್ಲಿ ಆರ್ಕೈವ್‌ನವರು ಸರದಿಗೆ ಮರಳಿದರೂ ಕೇಸು ನಿಲ್ಲಲಿಲ್ಲ. 2023ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಜಿಲ್ಲಾ ನ್ಯಾಯಾಲಯ, 2024ರ ಸೆಪ್ಟೆಂಬರ್ 4ರಂದು ಮೇಲ್ಮನವಿ ನ್ಯಾಯಾಲಯ, ಎರಡೂ ಪ್ರಕಾಶಕರ ಪರ ತೀರ್ಪು ಕೊಟ್ಟವು. ಸರದಿ ಇಲ್ಲದ ಆ ಹನ್ನೆರಡು ವಾರಗಳನ್ನಷ್ಟೇ ಅಲ್ಲ, ಒಬ್ಬನಿಗೊಂದು ಅನ್ನೋ ಪದ್ಧತಿಯನ್ನೂ ಕೋರ್ಟು ಒಪ್ಪಲಿಲ್ಲ. ಐದು ಲಕ್ಷಕ್ಕೂ ಹೆಚ್ಚು ಪುಸ್ತಕಗಳು ಎರವಲಿನ ಪಟ್ಟಿಯಿಂದ ಹೋದವು.

ಈ ಕಥೆಯನ್ನು ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುತ್ತಾ ನನ್ನ ಗೆಳೆಯನಿಗೆ ಹೇಳಿದೆ. ಅವನು ಕಥೆಗಾರ, ಎರಡು ಸಂಕಲನ ಬಂದಿದೆ. ನನ್ನ ಸಿಟ್ಟಿಗೆ ಜೊತೆಯಾಗ್ತಾನೆ ಅಂದುಕೊಂಡಿದ್ದೆ. ಅವನು ನಗಲೂ ಇಲ್ಲ.

"ನನ್ನ ಎರಡನೇ ಪುಸ್ತಕ ಒಂದು ಸಾವಿರ ಪ್ರತಿ ಹಾಕಿದ್ದು. ಮೂರು ವರ್ಷ ಆಯ್ತು, ಪ್ರಕಾಶಕರ ಹತ್ರ ಇನ್ನೂ ಕಟ್ಟುಗಳು ಬಿದ್ದಿವೆ. ಅದರ ಪಿಡಿಎಫ್ ಮಾತ್ರ ನಾನಿರೋ ವಾಟ್ಸಾಪ್ ಗ್ರೂಪಿಗೇ ಬಂತು. ಉತ್ತಮ ಕೃತಿ, ಓದಿ, ಹಂಚಿ ಅಂತ. ಕಳಿಸಿದವರು ನನ್ನ ಅಭಿಮಾನಿ ಬೇರೆ! ನಿಮಗೆಲ್ಲ ಹಂಚೋದು ಸುಲಭ ಮಾರಾಯ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ."

ನನ್ನ ಹತ್ರ ಉತ್ತರ ಇರಲಿಲ್ಲ. ಕನ್ನಡದ ಎಷ್ಟೋ ಪುಸ್ತಕಗಳು ಹೊರಬರೋದೇ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿಕೊಂಡು. ಆ ಖರೀದಿ ತಡವಾದರೆ ಪ್ರಕಾಶಕರ ಉಸಿರೇ ನಿಂತಂತಾಗುತ್ತೆ. ಗ್ರಂಥಾಲಯ ಒಂದು ಪ್ರತಿ ತಂದು, ಅದನ್ನು ಸ್ಕ್ಯಾನ್ ಮಾಡಿ, ಕಾಲಾಂತರದವರೆಗೆ ಕೊಡ್ತಾ ಹೋದರೆ ಬರೆದವನು ಏನು ತಿನ್ನಬೇಕು? ಇನ್ನೂ ಒಂದು ವಿಷಯ. ಕಾಗದದ ಪುಸ್ತಕಕ್ಕೆ ತನ್ನದೇ ಕಾವಲು ಇದೆ. ಅದು ಒಂದು ಸಲಕ್ಕೆ ಒಂದೇ ಕಡೆ ಇರಬಲ್ಲದು. ಫೈಲಿಗೆ ಆ ಕಾವಲಿಲ್ಲ. ಲಾಕು ತೆಗೆದರೆ ಎರವಲು ಅನ್ನೋದೇ ಉಳಿಯಲ್ಲ, ನಕಲು ಮಾತ್ರ ಉಳಿಯುತ್ತೆ.

ಮನೆಗೆ ಹೋಗುವಾಗ ಇದೇ ತಲೆಯಲ್ಲಿ ಕೊರೀತಿತ್ತು. ಎರವಲು ಅಂದ್ರೆ ಏನು? ನಾನು ನಿಮಗೆ ಪುಸ್ತಕ ಕೊಟ್ಟರೆ ಅಷ್ಟು ದಿನ ಅದು ನನ್ನ ಹತ್ರ ಇರಲ್ಲ. ಕೊಡುವುದಕ್ಕೆ ಬೆಲೆ ಬರೋದೇ ಆ ಇಲ್ಲದಿರುವಿಕೆಯಿಂದ. ವಾಪಸ್ ಬರುತ್ತೋ ಇಲ್ಲವೋ, ಕಿವಿ ಮಡಚಿರುತ್ತೋ, ಮೇಲೆ ಸಾರು ಚೆಲ್ಲಿರುತ್ತೋ ಗೊತ್ತಿಲ್ಲ, ಆದರೂ ಕೊಡ್ತೀನಿ. ಫಾರ್ವರ್ಡ್ ಮಾಡುವವನು ಏನನ್ನೂ ಬಿಟ್ಟುಕೊಡುತ್ತಿಲ್ಲ. ಹಾಗಾಗಿ ಅವನದ್ದು ಔದಾರ್ಯವಲ್ಲ, ಗೆಳೆಯ ಹೇಳಿದ್ದು ಸರಿ. ಒಬ್ಬನಿಗೊಂದು ಅನ್ನೋ ಲಾಕು ಇದೆಯಲ್ಲ, ಅದು ಫೈಲಿಗೆ ಕಾಗದದ ಗುಣವನ್ನು ವಾಪಸ್ ಕೊಡುತ್ತೆ. ಆ ಲಾಕು ನನಗೆ ಅನ್ಯಾಯ ಅನ್ನಿಸಲ್ಲ.

ಅನ್ಯಾಯ ಅನ್ನಿಸೋದು ನಾನು ಬರೆದ ಲಾಕು. ಅದು ಸರದಿ ಕಾಯಿಸೋ ಲಾಕಲ್ಲ, ಮುಗಿಸೋ ಲಾಕು.

ಇಂಗ್ಲೆಂಡಿನ ಹೆರಿಫರ್ಡ್ ಕ್ಯಾಥೆಡ್ರಲ್‌ನಲ್ಲಿ ಹದಿನೇಳನೇ ಶತಮಾನದ ಒಂದು ಗ್ರಂಥಾಲಯ ಇನ್ನೂ ಹಾಗೇ ಇದೆ. ಅಲ್ಲಿನ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಕಟ್ಟಿದ್ದಾರೆ. ಚಿತ್ರ ನೋಡಿದ ತಕ್ಷಣ ನಮಗೆ ಅನ್ನಿಸೋದು, ಅಯ್ಯೋ, ಪುಸ್ತಕಕ್ಕೂ ಜೈಲೇ ಅಂತ. ಸ್ವಲ್ಪ ಯೋಚಿಸಿದರೆ ಬೇರೆಯೇ ಕಾಣುತ್ತೆ. ಆ ಕಾಲದಲ್ಲಿ ಪುಸ್ತಕ ಬಹಳ ದುಬಾರಿ. ಯಾರೋ ಒಬ್ಬ ಹೊತ್ತುಕೊಂಡು ಹೋದರೆ ಮಿಕ್ಕವರಿಗೆ ಇಲ್ಲ. ಬರುವವರೆಲ್ಲರಿಗೂ ಅದು ಸಿಗುತ್ತಲೇ ಇರಬೇಕು ಅಂತ ಹಾಕಿದ ಸರಪಳಿ ಅದು. ಮುಂದಿನ ಓದುಗನ ಪರವಾಗಿ ಈಗಿನ ಓದುಗನನ್ನು ಕಟ್ಟಿದ್ದು. ನನ್ನ ಕೌಂಟರ್ ಮಾಡೋದು ಇದರ ಉಲ್ಟಾ. ಈಗಿನ ಓದುಗ ಎಲ್ಲಿಗೆ ಬೇಕಾದರೂ ಒಯ್ಯಲಿ, ಬಸ್ಸಿನಲ್ಲಿ ಓದಲಿ, ಹಾಸಿಗೆಯಲ್ಲಿ ಓದಲಿ. ಮುಂದೊಬ್ಬ ಬರುತ್ತಾನಲ್ಲ, ಅವನ ಮುಖಕ್ಕೆ ಬಾಗಿಲು.

ಆ ಇಪ್ಪತ್ತೇಳನೆಯವನು ಯಾರು? ಪುಸ್ತಕ ಹೊಸದಿದ್ದಾಗ, ಪೇಪರಿನಲ್ಲಿ ವಿಮರ್ಶೆ ಬಂದಾಗ ಓಡಿಬಂದವನಂತೂ ಅಲ್ಲ. ಎಲ್ಲರೂ ಓದಿ ಮರೆತಮೇಲೆ ಬರುವವನು. ಯಾರೋ ಹೇಳಿದ್ದನ್ನು ನೆನಪಿಟ್ಟುಕೊಂಡು ತಡವಾಗಿ ಹುಡುಕಿಕೊಂಡು ಬರುವವನು. ಅಂಥವನೊಬ್ಬನಿಗಾಗಿ ಲೈಸೆನ್ಸ್ ನವೀಕರಿಸೋಕೆ ಯಾವ ಗ್ರಂಥಾಲಯದ ಬಜೆಟ್ಟೂ ಒಪ್ಪಲ್ಲ. ಆದರೆ ಗ್ರಂಥಾಲಯ ಅನ್ನೋದು ಇರೋದೇ ಇವನಿಗೋಸ್ಕರ ಅಂತ ನನಗನ್ನಿಸುತ್ತೆ. ಮೊದಲ ಇಪ್ಪತ್ತಾರು ಜನರಿಗೆ ಪುಸ್ತಕದಂಗಡಿಯೇ ಸಾಕು.

ಈ ಮಾತನ್ನು ನನಗಿಂತ ಚೆನ್ನಾಗಿ ಯೋಚಿಸಿದವರೊಬ್ಬರು ನಮ್ಮ ಬೆಂಗಳೂರಿನಲ್ಲೇ ಇದ್ದರು. ಎಸ್. ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಅವರು ಬರೆದ ಗ್ರಂಥಾಲಯದ ಐದು ಸೂತ್ರಗಳನ್ನು ಜಗತ್ತಿನ ಎಲ್ಲ ಕಡೆಯ ಗ್ರಂಥಪಾಲಕರೂ ಇವತ್ತಿಗೂ ಪಾಠವಾಗಿ ಓದುತ್ತಾರೆ. 1962ರಲ್ಲಿ ಬೆಂಗಳೂರಿನಲ್ಲಿ ಅವರು ಶುರುಮಾಡಿದ ತರಬೇತಿ ಕೇಂದ್ರ ಮೈಸೂರು ರಸ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿ ಈಗಲೂ ಇದೆ. 1972ರಲ್ಲಿ ಅವರು ತೀರಿಕೊಂಡದ್ದೂ ಈ ಊರಿನಲ್ಲೇ. ಅವರ ಮೊದಲ ಸೂತ್ರ ಹೇಳೋದು ಪುಸ್ತಕ ಇರೋದು ಬಳಸುವುದಕ್ಕೆ ಅಂತ. ಅದನ್ನು ವಿವರಿಸುವಾಗ ಅವರು ಹಿಡಿದುಕೊಂಡದ್ದು ಇದೇ ಸರಪಳಿ ಕಟ್ಟಿದ ಪುಸ್ತಕಗಳ ಕಾಲವನ್ನು. ಮುಂದಿನ ಎರಡು ಸೂತ್ರಗಳಲ್ಲಿ ಒಂದು ಓದುಗನ ಕಡೆಯಿಂದ ನೋಡುತ್ತೆ, ಇನ್ನೊಂದು ಪುಸ್ತಕದ ಕಡೆಯಿಂದ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಎಷ್ಟನೆಯ ಓದುಗ ಅಂತ ಅವರು ಎಲ್ಲೂ ಲೆಕ್ಕ ಇಟ್ಟಿಲ್ಲ.

ಹಾಗಾದರೆ ನನ್ನ ಗೆಳೆಯನ ಹೊಟ್ಟೆಪಾಡು? ಎರಡನ್ನೂ ಒಟ್ಟಿಗೆ ಸಂಭಾಳಿಸಿದ ದೇಶಗಳಿವೆ. ಡೆನ್ಮಾರ್ಕಿನಲ್ಲಿ 1946ರಿಂದ ಗ್ರಂಥಾಲಯದಲ್ಲಿರುವ ಪುಸ್ತಕಗಳಿಗಾಗಿ ಲೇಖಕರಿಗೆ ಸರ್ಕಾರ ದುಡ್ಡು ಕೊಡುತ್ತೆ. ಬ್ರಿಟನ್ನಿನಲ್ಲಿ 1979ರ ಕಾನೂನಿನ ಪ್ರಕಾರ, ಪುಸ್ತಕ ಒಂದು ಸಲ ಎರವಲು ಹೋದರೆ ಬರೆದವರ ಲೆಕ್ಕಕ್ಕೆ ಇಷ್ಟು ಪೆನ್ಸ್ ಅಂತ ಸೇರುತ್ತೆ. ಓದುಗ ಕೊಡೋದಲ್ಲ, ಸರ್ಕಾರ ಕೊಡೋದು. ಒಬ್ಬ ಲೇಖಕನಿಗೆ ವರ್ಷಕ್ಕೆ 6,600 ಪೌಂಡಿನ ಮಿತಿ ಇದೆ, ಜನಪ್ರಿಯರೇ ಎಲ್ಲವನ್ನೂ ಬಾಚಿಕೊಳ್ಳಬಾರದು ಅಂತ. 2018ರಿಂದ ಇ-ಪುಸ್ತಕದ ಎರವಲೂ ಅದರಲ್ಲಿ ಸೇರಿದೆ. ಯುರೋಪಿನ ನ್ಯಾಯಾಲಯ 2016ರಲ್ಲಿ ಡಚ್ ಗ್ರಂಥಾಲಯಗಳ ಕೇಸಿನಲ್ಲಿ, ಒಂದು ಪ್ರತಿ ಒಬ್ಬ ಓದುಗ ಅನ್ನೋ ರೀತಿಯಲ್ಲಾದರೆ ಇ-ಪುಸ್ತಕದ ಎರವಲನ್ನೂ ಅಚ್ಚಿನ ಪುಸ್ತಕದ ಎರವಲಿನಂತೆಯೇ ಕಾಣಬಹುದು, ಲೇಖಕರಿಗೆ ನ್ಯಾಯವಾದ ಸಂಭಾವನೆ ಸಿಗಬೇಕು ಅಂದಿತು. ಈ ಲೆಕ್ಕದಲ್ಲಿ ಇಪ್ಪತ್ತೇಳನೇ ಓದುಗ ಬಂದರೆ ಬರೆದವನಿಗೆ ನಷ್ಟವಿಲ್ಲ, ಬದಲಿಗೆ ಇನ್ನೊಂದಿಷ್ಟು ಪೆನ್ಸ್ ಸೇರುತ್ತೆ.

ಎಲ್ಲ ಕಡೆ ಇದು ಸುಲಭವಾಗಿಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2021ರಲ್ಲಿ, ಗ್ರಂಥಾಲಯಗಳಿಗೆ ಸಮಂಜಸವಾದ ಷರತ್ತಿನಲ್ಲಿ ಇ-ಪುಸ್ತಕ ಕೊಡಲೇಬೇಕು ಅಂತ ಕಾನೂನು ಮಾಡಿತು. ಮರುವರ್ಷವೇ ಕೋರ್ಟು ಅದನ್ನು ಹೊಡೆದುಹಾಕಿತು. ಸ್ವಂತಕ್ಕೆ ಇಟ್ಟುಕೊಳ್ಳೋದರಲ್ಲೂ ಕಷ್ಟವಿದೆ. 2023ರ ಅಕ್ಟೋಬರಿನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿಯಾಯಿತು. ಸುಲಿಗೆ ಹಣ ಕೊಡೋಕೆ ಅವರು ಒಪ್ಪಲಿಲ್ಲ. ಕ್ಯಾಟಲಾಗು ಆನ್‌ಲೈನಿಗೆ ಮರಳುವ ಹೊತ್ತಿಗೆ ಜನವರಿ ಬಂದಿತ್ತು. ಎರವಲಿನ ಪೆನ್ಸ್ ಹಂಚುವ ಕೆಲಸವೂ ಅವರದ್ದೇ ಆದ್ದರಿಂದ ಲೇಖಕರ ದುಡ್ಡೂ ತಡವಾಯಿತು. ಬಾಡಿಗೆ ಮನೆಯಲ್ಲಿ ಸೂರು ಸೋರಿದರೆ ಮಾಲೀಕರಿಗೆ ಫೋನ್ ಮಾಡಿದರೆ ಸಾಕು. ಸ್ವಂತ ಮನೆಯಾದರೆ ನಾವೇ ಹೆಂಚು ಹತ್ತಬೇಕು. ಊರು ತನ್ನ ಪುಸ್ತಕ ತಾನೇ ಇಟ್ಟುಕೊಳ್ಳಬೇಕು ಅಂದ್ರೆ, ಅದನ್ನು ಕಾಯುವ ಜನರಿಗೂ ಯಂತ್ರಕ್ಕೂ ಊರು ದುಡ್ಡು ಹಾಕಬೇಕು.

ಇಷ್ಟೆಲ್ಲ ತಿಳಿದಮೇಲೆ ನಾನು ಏನು ಮಾಡಿದೆ? ಕೆಲಸ ಬಿಟ್ಟೆ ಅಂತ ಬರೆದರೆ ಲೇಖನ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ಇಎಂಐ ಇದೆ. ನಾನು ಬಿಟ್ಟರೆ ಆ ಮೂರು ಪಾಯಿಂಟಿನ ಕೆಲಸ ಪಕ್ಕದ ಡೆಸ್ಕಿನವನು ಮಾಡುತ್ತಾನೆ ಅನ್ನೋದೂ ಗೊತ್ತಿದೆ. ಇದು ಎಷ್ಟು ಹಳೆಯ ನೆಪ ಅನ್ನೋದೂ ಗೊತ್ತು.

ಮಾಡಿದ್ದು ಇಷ್ಟು. ಮುಂದಿನ ಪ್ಲಾನಿಂಗ್ ಮೀಟಿಂಗಿನಲ್ಲಿ ಒಂದು ಪ್ರಶ್ನೆ ಕೇಳಿದೆ. ಇಪ್ಪತ್ತೇಳನೇ ಓದುಗನ ಸ್ಕ್ರೀನಿನ ಮೇಲೆ ಏನು ಬರುತ್ತೆ? ಏನೂ ಬರಲ್ಲ. ಹುಡುಕಿದರೆ ಆ ಹೆಸರಿನ ಪುಸ್ತಕ ಇಲ್ಲ ಅಂತ ತೋರಿಸುತ್ತೆ ಅಷ್ಟೆ. ನಿನ್ನೆಯವರೆಗೆ ಇದ್ದ ಪುಸ್ತಕ ಯಾವತ್ತೂ ಇರಲೇ ಇಲ್ಲವೇನೋ ಅನ್ನುವ ಹಾಗೆ. ಅದು ಸುಳ್ಳಲ್ವಾ ಅಂದೆ. ಇತ್ತು, ಇಪ್ಪತ್ತಾರು ಜನ ಓದಿದರು, ಪರವಾನಗಿ ಮುಗಿದಿದೆ, ಬೇಕಿದ್ದರೆ ನಿಮ್ಮ ಗ್ರಂಥಪಾಲಕರನ್ನು ಕೇಳಿ ಅಂತ ನಿಜ ಹೇಳೋಣ ಅಂದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಪ್ರಕಾಶಕರಿಗೆ ಇಷ್ಟ ಆಗಲಿಕ್ಕಿಲ್ಲ ಅಂದರು ಮ್ಯಾನೇಜರು, ಸ್ವಲ್ಪ ಬೇಸರದಿಂದಲೇ. ಕೊನೆಗೆ ಒಪ್ಪಿದ್ದು ಅರ್ಧ. ಪರವಾನಗಿ ಮುಗಿಯುವ ಮುಂಚೆ ಗ್ರಂಥಪಾಲಕರಿಗೆ ಒಂದು ಪಟ್ಟಿ ಹೋಗುತ್ತೆ. ಉಳಿಸಿಕೊಳ್ಳೋದು ಯಾವುದು, ಬಿಡೋದು ಯಾವುದು ಅಂತ ಒಬ್ಬ ಮನುಷ್ಯ ನೋಡಿ ನಿರ್ಧಾರ ಮಾಡಬಹುದು. ಓದುಗನಿಗೆ ನಿಜ ಹೇಳುವ ಸಾಲು ಬ್ಯಾಕ್‌ಲಾಗಿನಲ್ಲಿದೆ. ನಾನು ಪ್ರತಿ ಕ್ವಾರ್ಟರಿನಲ್ಲೂ ಅದನ್ನ ಒಂದು ಸಲ ಮೇಲಕ್ಕೆ ಎತ್ತುತ್ತೀನಿ.

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮನ ರಿಜಿಸ್ಟರ್ ತೆಗೆದು ನೋಡಿದೆ. ಅಂಚೆ ಕಚೇರಿಯ ಶಿಸ್ತಿನಲ್ಲೇ ಗೆರೆ ಎಳೆದ ಉದ್ದನೆಯ ಪುಸ್ತಕ. ತಾರೀಖು, ಪುಸ್ತಕದ ಹೆಸರು, ಒಯ್ದವರು, ವಾಪಸ್ ಬಂದ ದಿನ. ಹೆಚ್ಚಿನ ಪುಸ್ತಕಗಳ ಎದುರು ನಾಲ್ಕೋ ಐದೋ ಹೆಸರು. ಒಂದು ದಪ್ಪ ಕಾದಂಬರಿಯದ್ದು ಎಣಿಸಿದೆ, ಮೂವತ್ತೊಂದು. ಇಪ್ಪತ್ತೇಳನೇ ಹೆಸರು ಯಾರದ್ದು ಅಂತ ಬೆರಳಿಟ್ಟು ನೋಡಿದರೆ, ಎದುರು ಮನೆಯಲ್ಲಿ ಬಾಡಿಗೆಗಿದ್ದ ನರ್ಸ್ ಒಬ್ಬರದ್ದು. ಒಯ್ದ ತಾರೀಖಿದೆ, ವಾಪಸ್ ಬಂದ ತಾರೀಖು ಏಳು ತಿಂಗಳ ನಂತರದ್ದು.

"ಏಳು ತಿಂಗಳು ಸುಮ್ನೆ ಬಿಟ್ಯಾ?" ಅಂತ ಕೇಳಿದೆ.

"ಅವಳಿಗೆ ನೈಟ್ ಡ್ಯೂಟಿ ಕಣೋ. ಓದೋಕೆ ಟೈಮ್ ಬೇಡ್ವಾ?"

ಆ ರಿಜಿಸ್ಟರಿನ ಕೊನೆಯ ಸಾಲು ಹಿಂದಿನ ವಾರದ್ದು. ಪುಸ್ತಕದ ಹೆಸರಿನ ಜಾಗದಲ್ಲಿ 'ಟ್ಯಾಬ್, ಚಾರ್ಜರ್ ಸಮೇತ' ಅಂತ ಬರೆದಿದ್ದಳು. ಒಯ್ದವರು: ಸರೋಜ. ವಾಪಸ್ ಬಂದ ದಿನ ಅನ್ನೋ ಜಾಗ ಖಾಲಿ ಇತ್ತು.

"ಮತ್ತೆ ನಿಂಗೆ ಓದೋಕೆ?"

"ಏನಿಲ್ಲ" ಅಂದಳು ಅಮ್ಮ. "ಅವಳದ್ದು ಮುಗೀಲಿ ಬಿಡು."